ಅಂಗಡಿಯ ಚೀಟಿಯನ್ನು ಓದುವ ಬಗೆ: ಮನೆಯ ಕಂಪ್ಯೂಟರಿಗೆ ಬಿಡಿಭಾಗಗಳ ಆಯ್ಕೆ

ದಾವಣಗೆರೆಯಲ್ಲಿರುವ ನನ್ನ ಭಾವ 2025ರ ಬೇಸಿಗೆಯಲ್ಲಿ ಒಂದು ಚೀಟಿಯ ಫೋಟೊ ತೆಗೆದು ಕಳುಹಿಸಿದರು. ಅಂಗಡಿಯವರು ಹಳೆಯ ಬಿಲ್ಲೊಂದರ ಬೆನ್ನಿಗೆ ಬಾಲ್‌ಪೆನ್ನಿನಲ್ಲಿ ಬರೆದುಕೊಟ್ಟಿದ್ದ ಐದು ಸಾಲುಗಳು ಅದರಲ್ಲಿದ್ದವು: ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, 512 ಎಸ್‌ಎಸ್‌ಡಿ, 2 ಜಿಬಿ ಗ್ರಾಫಿಕ್ಸ್ ಕಾರ್ಡ್, ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್. ಪ್ರೊಸೆಸರ್ ಎಂದರೆ ಲೆಕ್ಕ ಮಾಡುವ ಚಿಪ್ಪು, ರ‍್ಯಾಮ್ ಎಂದರೆ ಕೆಲಸ ನಡೆಯುವಾಗಿನ ತಾತ್ಕಾಲಿಕ ಮೆಮೊರಿ, ಎಸ್‌ಎಸ್‌ಡಿ ಎಂದರೆ ತಿರುಗುವ ಭಾಗವಿಲ್ಲದ ಡಿಸ್ಕು, ಎಸ್‌ಎಂಪಿಎಸ್ ಎಂದರೆ ವಿದ್ಯುತ್ ಒದಗಿಸುವ ಪೆಟ್ಟಿಗೆ. ಚೀಟಿಯ ಕೆಳಗೆ ಒಟ್ಟು ಮೊತ್ತ, ಅದರ ಸುತ್ತ ಎರಡು ಸಲ ತಿದ್ದಿದ ಸುತ್ತು. ‘ತಗೋಬಹುದೇನಪ್ಪಾ, ಸ್ವಲ್ಪ ನೋಡಿ ಹೇಳು’ ಎಂಬ ಮಾತು ಜೊತೆಗಿತ್ತು. ವ್ಯಾಪಾರದ ಲೆಕ್ಕ ಬರೆಯಲು ಟ್ಯಾಲಿ, ಜಿಎಸ್‌ಟಿ ಸಲ್ಲಿಕೆಗೆ ಬ್ರೌಸರ್, ಎಂಜಿನಿಯರಿಂಗ್ ಓದುತ್ತಿರುವ ಮಗಳ ಪ್ರೋಗ್ರಾಮಿಂಗ್, ನೆಂಟರಿಷ್ಟರ ಸಮಾರಂಭಗಳಲ್ಲಿ ಮೊಬೈಲಿನಿಂದ ತೆಗೆದ ವಿಡಿಯೊಗಳನ್ನು ಕತ್ತರಿಸಿ ಜೋಡಿಸುವ ಅವರದೇ ಹವ್ಯಾಸ, ಇಷ್ಟು ಆ ಮನೆಯ ಕೆಲಸ. ಆಟವಾಡುವವರು ಯಾರೂ ಇಲ್ಲ.

ಆ ಚೀಟಿಯಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅದರಿಂದ ತಿಳಿಯುವಂಥದ್ದೂ ಹೆಚ್ಚೇನೂ ಇರಲಿಲ್ಲ. ಐ5 ಎಂಬುದು ಇಂಟೆಲ್ ಕಂಪನಿ 2009ರಿಂದ ಬಳಸುತ್ತ ಬಂದಿರುವ ಒಂದು ದರ್ಜೆಯ ಹೆಸರು. 2012ರ ಐ5-3470 ಪ್ರೊಸೆಸರಿನಲ್ಲಿ 4 ಕೋರ್‌ಗಳು (ಲೆಕ್ಕ ಮಾಡುವ ಘಟಕಗಳು) ಇದ್ದರೆ, 2022ರ ಐ5-12400ರಲ್ಲಿ 6 ಕೋರ್ ಮತ್ತು 12 ಥ್ರೆಡ್‌ಗಳು (ಏಕಕಾಲಕ್ಕೆ ಸಾಗುವ ಕೆಲಸದ ಎಳೆಗಳು) ಇವೆ; ಎರಡನ್ನೂ ಐ5 ಎಂದೇ ಕರೆಯುತ್ತಾರೆ. ಫೋನ್ ಮಾಡಿ ವಿಚಾರಿಸಿದಾಗ ಅಂಗಡಿಯವರ ಐ5 ಮೂರನೇ ತಲೆಮಾರಿನದು, ಬಿಡಿಭಾಗಗಳನ್ನೆಲ್ಲ ಕೂರಿಸುವ ಮದರ್‌ಬೋರ್ಡ್ ಎಚ್61 ಚಿಪ್‌ಸೆಟ್ಟಿನದು (ಚಿಪ್‌ಸೆಟ್ ಎಂದರೆ ಬೋರ್ಡಿನ ಸಂಪರ್ಕಗಳನ್ನು ನಿಭಾಯಿಸುವ ಚಿಪ್ಪು) ಎಂದು ತಿಳಿಯಿತು. ಹಳೆಯ ಆಫೀಸ್ ಕಂಪ್ಯೂಟರುಗಳಿಂದ ಬಿಚ್ಚಿದ ಇಂಥ ಪ್ರೊಸೆಸರುಗಳನ್ನು ಹೊಸದಾಗಿ ತಯಾರಾದ ಅಗ್ಗದ ಬೋರ್ಡುಗಳ ಮೇಲೆ ಕೂರಿಸಿ ಮಾರುವುದು ನಮ್ಮ ಮಾರುಕಟ್ಟೆಯಲ್ಲಿ ಸಾಮಾನ್ಯ. ವಿಂಡೋಸ್ 11 ಅಧಿಕೃತವಾಗಿ ಬೇಡುವುದು ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರನ್ನು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ಅಂದರೆ ಭಾವ ಕೊಳ್ಳಲು ಹೊರಟಿದ್ದ ‘ಹೊಸ’ ಕಂಪ್ಯೂಟರಿಗೆ ಆರು ತಿಂಗಳೊಳಗೆ ಎಂದಿನ ಭದ್ರತಾ ಪರಿಷ್ಕರಣೆಗಳು ನಿಂತುಹೋಗುತ್ತಿದ್ದವು.

ಬಿಡಿಭಾಗಗಳನ್ನು ಆರಿಸುವಾಗ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ, ಗೊಂದಲವೆಲ್ಲ ಅಲ್ಲಿಂದಲೇ ಶುರುವಾಗುತ್ತದೆ. ಯಾವುದು ಯಾವುದಕ್ಕೆ ಕೂರುತ್ತದೆ ಎಂಬುದು ಒಂದು. ಯಾವುದು ಯಾವುದಕ್ಕಾಗಿ ಕಾಯುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಅಳತೆ, ಸಾಕೆಟ್ಟು, ಕನೆಕ್ಟರುಗಳ ವಿಷಯ. ತಪ್ಪಿದರೆ ಆ ಕ್ಷಣದಲ್ಲೇ ಗೊತ್ತಾಗುತ್ತದೆ. ಎರಡನೆಯದು ತಪ್ಪಿದರೆ ಕಂಪ್ಯೂಟರ್ ನಡೆಯುತ್ತದೆ, ಆದರೆ ಕೊಟ್ಟ ಹಣದ ಒಂದು ಪಾಲು ಸದಾ ಸುಮ್ಮನೆ ಕುಳಿತಿರುತ್ತದೆ. ಕಾಯುವಿಕೆಯ ಪ್ರಮಾಣ ಎಷ್ಟೆಂದು ತಿಳಿಯಲು ಒಂದು ಲೆಕ್ಕ ಹಾಕಬಹುದು. 4 ಗಿಗಾಹರ್ಟ್ಸ್ ವೇಗದ ಪ್ರೊಸೆಸರಿಗೆ ಒಂದು ಹೆಜ್ಜೆ ಎಂದರೆ ಸೆಕೆಂಡಿನ 400 ಕೋಟಿಯಲ್ಲೊಂದು ಪಾಲು. ಆ ಹೆಜ್ಜೆಯನ್ನು ಹಿಗ್ಗಿಸಿ ಒಂದು ಸೆಕೆಂಡ್ ಎಂದುಕೊಂಡರೆ, ರ‍್ಯಾಮಿನಲ್ಲಿರುವ ಮಾಹಿತಿ ಕೈಗೆ ಬರಲು ಸುಮಾರು 5 ನಿಮಿಷ ಬೇಕು; ಒಳ್ಳೆಯ ಎಸ್‌ಎಸ್‌ಡಿಯಿಂದ ಬರಲು ಸುಮಾರು 4 ದಿನ ಬೇಕು; ತಿರುಗುವ ಹಾರ್ಡ್‌ಡಿಸ್ಕಿನಿಂದ ಬರಲು 15 ತಿಂಗಳು ಬೇಕು. ಗುಮಾಸ್ತ ಎಷ್ಟೇ ಚುರುಕಿನವನಾದರೂ ಕಡತ ಬರುವುದಕ್ಕೆ ಒಂದೂಕಾಲು ವರ್ಷ ಹಿಡಿಯುವ ಕಚೇರಿಯಲ್ಲಿ ಅವನ ಚುರುಕಿಗೆ ಬೆಲೆಯೇನು?

ಆದ್ದರಿಂದ ಹೊಸದನ್ನು ಕೊಳ್ಳುವ ಮೊದಲು, ಹಳೆಯ ಕಂಪ್ಯೂಟರ್ ಯಾವುದಕ್ಕಾಗಿ ಕಾಯುತ್ತಿದೆ ಎಂದು ನೋಡುವುದು ಲೇಸು. ಮನೆಯಲ್ಲಿದ್ದ ಹಳೆಯ ಯಂತ್ರವನ್ನು ಆನ್ ಮಾಡಿ, ಎಂದಿನಂತೆ ಟ್ಯಾಲಿ ಮತ್ತು ಹತ್ತು ಹನ್ನೆರಡು ಟ್ಯಾಬುಗಳಿರುವ ಬ್ರೌಸರ್ ತೆರೆದು, ಅದು ತಡವರಿಸುವ ಹೊತ್ತಿಗೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತುವಂತೆ ಭಾವನಿಗೆ ಹೇಳಿದೆ. ಟಾಸ್ಕ್ ಮ್ಯಾನೇಜರ್ ತೆರೆದುಕೊಂಡಿತು. ಸಿಪಿಯು ಶೇ 18, ಮೆಮೊರಿ ಶೇ 93, ಡಿಸ್ಕ್ ಶೇ 100 ಎಂದು ಅವರು ಓದಿ ಹೇಳಿದರು. ರ‍್ಯಾಮ್ ತುಂಬಿದಾಗ ವಿಂಡೋಸ್ ತನಗೆ ಆ ಗಳಿಗೆಗೆ ಬೇಡವಾದದ್ದನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ವಾಪಸು ತರುತ್ತದೆ. ಅಲ್ಲಿ ಡಿಸ್ಕು ಹಳೆಯ ಹಾರ್ಡ್‌ಡಿಸ್ಕ್ ಆಗಿದ್ದರಿಂದ ಮೇಲೆ ಹೇಳಿದ ಹದಿನೈದು ತಿಂಗಳ ಕಾಯುವಿಕೆ ಮತ್ತೆ ಮತ್ತೆ ನಡೆಯುತ್ತಿತ್ತು. ಪ್ರೊಸೆಸರ್ ಮಾತ್ರ ಹೆಚ್ಚುಕಡಿಮೆ ನಿದ್ದೆಯಲ್ಲಿತ್ತು. ಇಂಥ ಮನೆಯಲ್ಲಿ ಮೊದಲ ಹಣ ಎಸ್‌ಎಸ್‌ಡಿಗೆ, ನಂತರದ್ದು ರ‍್ಯಾಮಿಗೆ, ಆಮೇಲೆ ಉಳಿದದ್ದು ಪ್ರೊಸೆಸರಿಗೆ ಹೋಗಬೇಕು. ಅಂಗಡಿಯ ಚೀಟಿಗಳು ಬಹುತೇಕ ಇದರ ತಿರುವುಮುರುವಾಗಿರುತ್ತವೆ, ಏಕೆಂದರೆ ಗಿರಾಕಿಗಳು ಮೊದಲು ಕೇಳುವುದು ಪ್ರೊಸೆಸರಿನ ಹೆಸರನ್ನೇ.

ಹಾಗೆಂದು ಪ್ರೊಸೆಸರನ್ನು ಕಣ್ಣುಮುಚ್ಚಿ ಆರಿಸಲಾಗದು. ಅದರ ಹೆಸರನ್ನು ಅಕ್ಷರ ಅಕ್ಷರವಾಗಿ ಓದಬೇಕು. ಐ5-12400 ಎಂಬಲ್ಲಿ ಮೊದಲ 12 ತಲೆಮಾರನ್ನು, ಉಳಿದ 400 ಆ ತಲೆಮಾರಿನೊಳಗಿನ ಸ್ಥಾನವನ್ನು ಸೂಚಿಸುತ್ತದೆ. ಕೊನೆಗೆ ‘ಎಫ್’ ಇದ್ದರೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಭಾಗ ಇಲ್ಲವೆಂದೂ, ‘ಕೆ’ ಇದ್ದರೆ ವೇಗವನ್ನು ಕೈಯಾರೆ ಏರಿಸಬಹುದೆಂದೂ ಅರ್ಥ. ಎಎಂಡಿ ಕಂಪನಿಯ ರೈಜನ್ 5 5600 ಮತ್ತು ರೈಜನ್ 5 5600ಜಿ ನಡುವೆ ಇರುವುದು ಒಂದೇ ಅಕ್ಷರದ ಅಂತರವಾದರೂ, ಮೊದಲನೆಯದಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪರದೆಯ ಮೇಲೆ ಏನೂ ಮೂಡುವುದಿಲ್ಲ, ಎರಡನೆಯದಕ್ಕೆ ಕಾರ್ಡ್ ಬೇಡ. ‘ಎಫ್’ ಇರುವ ಪ್ರೊಸೆಸರು ಸ್ವಲ್ಪ ಅಗ್ಗವೆಂದು ಕೊಂಡು, ಎಲ್ಲ ಜೋಡಿಸಿದ ಮೇಲೆ ಕಪ್ಪು ಪರದೆಯ ಮುಂದೆ ತಲೆ ಕೆರೆದುಕೊಂಡವರನ್ನು ನಾನು ಬಲ್ಲೆ.

ಚೀಟಿಯ ನಾಲ್ಕನೆಯ ಸಾಲಾದ 2 ಜಿಬಿ ಗ್ರಾಫಿಕ್ಸ್ ಕಾರ್ಡ್ ಭಾವನಿಗೆ ಬಹಳ ಹಿಡಿಸಿತ್ತು. ವಿಚಾರಿಸಿದಾಗ ಅದು ಜಿಟಿ 710 ಎಂದು ತಿಳಿಯಿತು. ಈ ಕಾರ್ಡಿನ ಡಿಡಿಆರ್3 (ಮೆಮೊರಿಯ ಒಂದು ಹಳೆಯ ತಲೆಮಾರು) ಮಾದರಿ ತನ್ನ ಮೆಮೊರಿಯಿಂದ ಸೆಕೆಂಡಿಗೆ 14.4 ಗಿಗಾಬೈಟ್ ಮಾಹಿತಿಯನ್ನಷ್ಟೇ ಓದಬಲ್ಲದು. ಎರಡು ಸ್ಟಿಕ್ ಡಿಡಿಆರ್4-3200 (ಅದರ ನಂತರದ ತಲೆಮಾರು; 3200 ವೇಗದ ಅಂಕೆ) ರ‍್ಯಾಮ್ ಇರುವ ಕಂಪ್ಯೂಟರಿನಲ್ಲಿ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ಗೆ, ಹಂಚಿಕೊಂಡು ಬಳಸಬೇಕಾದರೂ, 51.2 ಗಿಗಾಬೈಟ್‌ಗಳ ದಾರಿ ತೆರೆದಿರುತ್ತದೆ. ಇದಕ್ಕಿಂತ ಮುಖ್ಯವಾದ ಕೊರತೆ ಇನ್ನೊಂದಿದೆ. ಇಂದಿನ ಮೊಬೈಲುಗಳಲ್ಲಿ 4ಕೆ ವಿಡಿಯೊಗಳು ಹೆಚ್ಚಾಗಿ ಎಚ್.265 ಎಂಬ ಸಂಕುಚಿತ ರೂಪದಲ್ಲಿ ಸಂಗ್ರಹವಾಗುತ್ತವೆ. ಅದನ್ನು ಬಿಡಿಸುವುದಕ್ಕೆಂದೇ ಮಾಡಿದ ಯಂತ್ರಾಂಶ ಐ5-12400ರ ಒಳಗಿದೆ, ಜಿಟಿ 710ರಲ್ಲಿ ಇಲ್ಲ. ಯಂತ್ರಾಂಶದ ನೆರವಿಲ್ಲದಿದ್ದರೆ ಆ ಹೊರೆಯೆಲ್ಲ ಪ್ರೊಸೆಸರಿನ ಕೋರ್‌ಗಳ ಮೇಲೆ ಬಿದ್ದು, ವಿಡಿಯೊ ಕತ್ತರಿಸುವಾಗ ಚಿತ್ರ ಒಂದೊಂದೇ ಹೆಜ್ಜೆ ಕುಂಟುತ್ತ ಸಾಗುತ್ತದೆ. ಹಣ ಕೊಟ್ಟು ಸೇರಿಸಿಕೊಳ್ಳಲಿದ್ದ ಕಾರ್ಡು, ಅಂಥ ಹೊಸ ಪ್ರೊಸೆಸರಿನ ಜೊತೆಗೆ ಪುಕ್ಕಟೆಯಾಗಿ ಬರುವುದಕ್ಕಿಂತ ಕಡಿಮೆಯದಾಗಿತ್ತು. ಮೆಮೊರಿಯ ಗಾತ್ರವನ್ನು ನೋಡಿ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವುದು, ನೀರಿನ ತೊಟ್ಟಿ ದೊಡ್ಡದಿದೆಯೆಂದು ನಲ್ಲಿಯ ಧಾರೆಯನ್ನು ನೋಡದೆ ಮನೆ ಹಿಡಿದಂತೆ.

ನಿಜವಾಗಿ ಆಟ ಆಡುವವರ ಮಾತು ಬೇರೆ. ಅವರು ಮೊದಲು ಮಾನಿಟರನ್ನು ನಿರ್ಧರಿಸಿ, ಅದರ ರೆಸಲ್ಯೂಷನ್ನಿಗೆ ತಕ್ಕ ಕಾರ್ಡನ್ನು ಆರಿಸಿ, ಬಜೆಟ್ಟಿನ ದೊಡ್ಡ ಪಾಲನ್ನು ಅದಕ್ಕೇ ಎತ್ತಿಡಬೇಕಾಗುತ್ತದೆ. ಜೋಡಿಸಿದ ಮೇಲೆ ಮಾನಿಟರಿನ ಕೇಬಲ್ಲನ್ನು ಮದರ್‌ಬೋರ್ಡಿನ ಕಿಂಡಿಗೆ ಚುಚ್ಚದೆ ಕಾರ್ಡಿನ ಕಿಂಡಿಗೇ ಚುಚ್ಚಬೇಕು. ಹೇಳುವ ಅಗತ್ಯವಿಲ್ಲ ಅನ್ನಿಸಬಹುದು. ಆದರೆ ತಿಂಗಳುಗಟ್ಟಲೆ ತಪ್ಪು ಕಿಂಡಿಯಲ್ಲೇ ಆಡುತ್ತ ‘ಕಾರ್ಡು ಸರಿಯಿಲ್ಲ’ ಎಂದು ದೂರುವವರು ಕಡಿಮೆಯಿಲ್ಲ.

ಭಾವನ ಚೀಟಿಯಲ್ಲಿ ಮದರ್‌ಬೋರ್ಡಿನ ಹೆಸರೇ ಇರಲಿಲ್ಲ ಎಂಬುದು ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸಿತು. ಯಾವುದು ಯಾವುದಕ್ಕೆ ಕೂರುತ್ತದೆ ಎಂಬ ಪ್ರಶ್ನೆಯ ಉತ್ತರಗಳೆಲ್ಲ ಇರುವುದು ಈ ಒಂದು ಹಲಗೆಯಲ್ಲಿ. ಇಂಟೆಲ್‌ನ 12, 13 ಮತ್ತು 14ನೇ ತಲೆಮಾರಿನ ಪ್ರೊಸೆಸರುಗಳು ಕೂರುವುದು ಎಲ್‌ಜಿಎ1700 ಎಂಬ ಸಾಕೆಟ್ಟಿನಲ್ಲಿ. ಹೆಸರಿನಲ್ಲಿರುವ ಸಂಖ್ಯೆಯೇ ಅಲ್ಲಿನ ಸಂಪರ್ಕ ಬಿಂದುಗಳ ಎಣಿಕೆ. ಎಎಂಡಿಯ ಎಎಂ4 ಸಾಕೆಟ್ 2017ರ ಮೊದಲ ರೈಜನ್‌ನಿಂದ ಹಿಡಿದು 5000 ಸರಣಿಯವರೆಗೆ ಬಳಕೆಯಲ್ಲಿದ್ದು, ಐದಾರು ವರ್ಷಗಳ ಕಾಲ ಬೋರ್ಡನ್ನು ಬದಲಿಸದೆ ಪ್ರೊಸೆಸರನ್ನಷ್ಟೇ ಬದಲಿಸುವ ಅನುಕೂಲವನ್ನು ಕೊಟ್ಟಿತು. 2022ರಲ್ಲಿ ಬಂದ ಎಎಂ5ರಲ್ಲಿ 1718 ಸಂಪರ್ಕಗಳಿವೆ, ಅದಕ್ಕೆ ಡಿಡಿಆರ್5 ರ‍್ಯಾಮ್ ಮಾತ್ರ ಆಗುತ್ತದೆ. ಸಾಕೆಟ್ ಹೊಂದಿದ ಮಾತ್ರಕ್ಕೆ ಕೆಲಸ ಮುಗಿಯಿತು ಎನ್ನಲಾಗದು: ಬೋರ್ಡ್ ತಯಾರಾದ ಮೇಲೆ ಬಿಡುಗಡೆಯಾದ ಪ್ರೊಸೆಸರನ್ನು ಗುರುತಿಸಲು ಬೋರ್ಡಿನ ಬಯೋಸ್ (ಕಂಪ್ಯೂಟರನ್ನು ಚಾಲೂ ಮಾಡುವ, ಬೋರ್ಡಿನೊಳಗಿನ ತಂತ್ರಾಂಶ) ಪರಿಷ್ಕರಣೆ ಬೇಕಾಗಬಹುದು, ಅದನ್ನು ಮಾಡಿಕೊಡಿ ಎಂದು ಅಂಗಡಿಯವರಿಗೆ ಕೊಳ್ಳುವಾಗಲೇ ಹೇಳಿಬಿಡಬೇಕು.

ಎಲ್‌ಜಿಎ1700ರ ಬೋರ್ಡುಗಳಲ್ಲಿ ಇನ್ನೊಂದು ತೊಡಕಿದೆ. ಕೆಲವು ಡಿಡಿಆರ್4 ರ‍್ಯಾಮಿಗೆ ಮಾಡಿದವು, ಕೆಲವು ಡಿಡಿಆರ್5ಕ್ಕೆ. ಹೆಸರುಗಳು ಬಹುಪಾಲು ಒಂದೇ, ಕೊನೆಯಲ್ಲಿ ಒಂದು ಅಕ್ಷರದ್ದೋ ಅಂಕೆಯದ್ದೋ ವ್ಯತ್ಯಾಸ. ಎರಡೂ ಬಗೆಯ ರ‍್ಯಾಮ್ ಸ್ಟಿಕ್ಕುಗಳಲ್ಲಿ 288 ಸಂಪರ್ಕಗಳೇ ಇದ್ದು, ನಡುವಿನ ಕಚ್ಚು ಮಾತ್ರ ಬೇರೆ ಜಾಗದಲ್ಲಿದೆ. ಒಂದನ್ನು ಇನ್ನೊಂದರ ಕಿಂಡಿಗೆ ತುರುಕಲು ಹೋದರೆ ಕೂರುವುದಿಲ್ಲ, ಬಲವಂತ ಮಾಡಿದರೆ ಮುರಿಯುತ್ತದೆ. ಚಿಪ್‌ಸೆಟ್ಟಿನ ಹೆಸರು ಬೋರ್ಡಿನ ವಿಸ್ತಾರವನ್ನು ಹೇಳುತ್ತದೆ. ಎಚ್610 ಬೋರ್ಡಿನಲ್ಲಿ ರ‍್ಯಾಮಿಗೆ ಇರುವುದು ಎರಡೇ ಕಿಂಡಿ. ಬಿ760ರ ಬೋರ್ಡುಗಳಲ್ಲಿ ಹಲವಕ್ಕೆ ನಾಲ್ಕು ಇರುತ್ತವೆ, ಎಸ್‌ಎಸ್‌ಡಿಗೆ ಎರಡು ಜಾಗಗಳೂ ಸಿಗುತ್ತವೆ. ಅತ್ಯಂತ ದುಬಾರಿಯಾದ ಝಡ್ ಸರಣಿಯ ಬೋರ್ಡು ‘ಕೆ’ ಪ್ರೊಸೆಸರಿನ ವೇಗವನ್ನು ಏರಿಸುವವರಿಗೆ ಬೇಕು. ಉಳಿದವರು ಆ ಹಣವನ್ನು ಉಳಿಸಿ ರ‍್ಯಾಮಿಗೆ ಹಾಕುವುದು ಜಾಣತನವೆಂದು ನನ್ನ ಅನಿಸಿಕೆ.

ರ‍್ಯಾಮ್ ಎಷ್ಟು ಬೇಕು ಎಂಬುದಕ್ಕೆ ಆ ಮನೆಯಲ್ಲಿ ಉತ್ತರ ಕೊಟ್ಟವಳು ಮಗಳು. ಅವಳ ಪಠ್ಯದಲ್ಲಿ ಆಂಡ್ರಾಯ್ಡ್ ಆ್ಯಪ್ ತಯಾರಿಸುವ ಕೆಲಸವಿತ್ತು. ಅದಕ್ಕೆ ಬಳಸುವ ತಂತ್ರಾಂಶ ಕಂಪ್ಯೂಟರಿನೊಳಗೆ ಒಂದು ಮೊಬೈಲನ್ನೇ ಸೃಷ್ಟಿಸಿ ಓಡಿಸುವುದರಿಂದ 8 ಜಿಬಿ ಅರ್ಧ ದಾರಿಯಲ್ಲೇ ಬರಿದಾಗುತ್ತದೆ. 16 ಜಿಬಿ ಎಂದು ತೀರ್ಮಾನಿಸಿದೆವು, ಆದರೆ ಅದನ್ನು 16ರ ಒಂದು ಸ್ಟಿಕ್ಕಾಗಿ ಕೊಳ್ಳದೆ 8ರ ಎರಡು ಸ್ಟಿಕ್ಕುಗಳಾಗಿ ಕೊಂಡೆವು. ಪ್ರೊಸೆಸರಿನಿಂದ ರ‍್ಯಾಮಿಗೆ ಎರಡು ಪ್ರತ್ಯೇಕ ದಾರಿಗಳಿವೆ. ಒಂದೇ ಸ್ಟಿಕ್ ಹಾಕಿದರೆ ಒಂದು ದಾರಿ ಖಾಲಿ ಉಳಿದು, ಡಿಡಿಆರ್4-3200ರಲ್ಲಿ ಸೆಕೆಂಡಿಗೆ 25.6 ಗಿಗಾಬೈಟ್ ಮಾತ್ರ ಸಾಗುತ್ತದೆ; ಎರಡು ಹಾಕಿದರೆ ಅದರ ಇಮ್ಮಡಿ. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಬಳಸುವವರಿಗೆ ಈ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿರುತ್ತದೆ. ನಾಲ್ಕು ಕಿಂಡಿಗಳಿರುವ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದಕ್ಕೆ ಹಾಕಬೇಕು. ಬೋರ್ಡಿನ ಪುಸ್ತಿಕೆಯಲ್ಲಿ ಇದರ ಚಿತ್ರವಿರುತ್ತದೆ. ನಾವು ಕೊಂಡ ಕೆಲವೇ ತಿಂಗಳುಗಳಲ್ಲಿ, 2025ರ ಕೊನೆಯ ಹೊತ್ತಿಗೆ, ಮೆಮೊರಿ ತಯಾರಕರು ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳ ಕಡೆಗೆ ತಿರುಗಿದ್ದರಿಂದ ರ‍್ಯಾಮಿನ ಬೆಲೆ ತೀವ್ರವಾಗಿ ಏರಿತು. ಹಾಗಾಗಿ ಈಗ ಕೊಳ್ಳುವವರು ಡಿಡಿಆರ್4 ಮತ್ತು ಡಿಡಿಆರ್5 ಬೋರ್ಡುಗಳನ್ನು ಹೋಲಿಸುವಾಗ ಬೋರ್ಡಿನ ಬೆಲೆಯೊಂದನ್ನೇ ನೋಡದೆ, ಅದಕ್ಕೆ ಬೇಕಾದ ರ‍್ಯಾಮಿನ ಆ ದಿನದ ಬೆಲೆಯನ್ನೂ ಕೂಡಿಸಿ ನೋಡಬೇಕು. ಹಳೆಯ ಕಂಪ್ಯೂಟರಿನಲ್ಲಿ ಸರಿಯಾಗಿರುವ ಡಿಡಿಆರ್4 ಸ್ಟಿಕ್ಕುಗಳಿದ್ದರೆ ಅದೇ ಒಂದು ದೊಡ್ಡ ಉಳಿತಾಯ.

‘512 ಎಸ್‌ಎಸ್‌ಡಿ’ ಎಂಬ ಸಾಲಿನಲ್ಲಿ ಗಾತ್ರವಿತ್ತು, ಬಗೆ ಇರಲಿಲ್ಲ. ಸಾಟಾ ಕೇಬಲ್ಲಿನ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಮೆಗಾಬೈಟ್ ಓದುತ್ತದೆ. ಬೋರ್ಡಿನ ಮೇಲೇ ಮಲಗುವ, 22 ಮಿಲಿಮೀಟರ್ ಅಗಲ 80 ಮಿಲಿಮೀಟರ್ ಉದ್ದದ ಎನ್‌ವಿಎಂಇ ಎಸ್‌ಎಸ್‌ಡಿಗಳಲ್ಲಿ ಪಿಸಿಐಇ ಎಂಬ ವೇಗದ ದಾರಿಯ 3.0 ಬಗೆಯದು ಸುಮಾರು 3500, 4.0 ಬಗೆಯದು ಸುಮಾರು 7000 ಮೆಗಾಬೈಟ್ ಮುಟ್ಟುತ್ತದೆ. ಚೀಟಿಯಲ್ಲಿದ್ದ ಎಚ್61 ಚಿಪ್‌ಸೆಟ್ಟಿನ ಸಾಟಾ ದಾರಿ ಹಳೆಯದಾದ್ದರಿಂದ ಅಲ್ಲಿ 550ರ ಅರ್ಧವೂ ದಕ್ಕುವುದು ಕಷ್ಟವಿತ್ತು. ಹಾರ್ಡ್‌ಡಿಸ್ಕಿನಿಂದ ಯಾವುದೇ ಎಸ್‌ಎಸ್‌ಡಿಗೆ ಬಂದಾಗ ಆಗುವ ಬದಲಾವಣೆ ಯಾರಿಗೂ ತಿಳಿಯುತ್ತದೆ. 3500ರಿಂದ 7000ಕ್ಕೆ ಏರಿದಾಗ ಟ್ಯಾಲಿ ಬಳಸುವವರಿಗೆ ಏನೂ ತಿಳಿಯುವುದಿಲ್ಲ. ವಿಡಿಯೊ ಕೆಲಸ ಮಾಡುವವರು ನೋಡಬೇಕಾದ್ದು ಬೇರೆಯೇ ಒಂದು ಸಂಗತಿ. ಅಗ್ಗದ ಎಸ್‌ಎಸ್‌ಡಿಗಳಲ್ಲಿ ಒಂದೊಂದು ಕೋಶಕ್ಕೆ 4 ಬಿಟ್ ತುಂಬುವ ಕ್ಯೂಎಲ್‌ಸಿ ತಂತ್ರವಿರುತ್ತದೆ. ಅವು ಮೊದಲು ಬರುವ ಮಾಹಿತಿಯನ್ನು ಒಂದು ವೇಗದ ಜಗುಲಿಯಲ್ಲಿ ಇಳಿಸಿಕೊಂಡು ಆಮೇಲೆ ನಿಧಾನವಾಗಿ ಒಳಗೆ ಒಯ್ಯುತ್ತವೆ. ಒಂದೇ ಸಲಕ್ಕೆ ನೂರಾರು ಗಿಗಾಬೈಟ್ ಮದುವೆಯ ವಿಡಿಯೊ ಸುರಿದರೆ ಜಗುಲಿ ತುಂಬಿ, ಬರೆಯುವ ವೇಗ ಹಾರ್ಡ್‌ಡಿಸ್ಕಿನ ಮಟ್ಟಕ್ಕೆ ಕುಸಿಯಬಹುದು. ಒಂದು ಕೋಶಕ್ಕೆ 3 ಬಿಟ್ ತುಂಬುವ ಟಿಎಲ್‌ಸಿ, 5 ವರ್ಷದ ವಾರಂಟಿ, 1 ಟಿಬಿ ಗಾತ್ರ ಎಂದು ನಾವು ಆರಿಸಿದೆವು. 1 ಟಿಬಿ ಎಂದು ಕೊಂಡದ್ದು ವಿಂಡೋಸಿನಲ್ಲಿ 931 ಜಿಬಿ ಎಂದು ಕಂಡಾಗ ಭಾವ ಮೋಸವಾಯಿತೆಂದು ಗಾಬರಿಯಾದರು. ತಯಾರಕರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಬರುವ ವ್ಯತ್ಯಾಸ ಅದು. ಹಳೆಯ ಹಾರ್ಡ್‌ಡಿಸ್ಕನ್ನು ಎರಡನೆಯ ಪ್ರತಿ ಇಡುವುದಕ್ಕೆ ಉಳಿಸಿಕೊಂಡೆವು.

ಕ್ಯಾಬಿನೆಟ್ ವಿಷಯದಲ್ಲಿ ಬಣ್ಣದ ದೀಪಕ್ಕಿಂತ ಗಾಳಿಯ ದಾರಿ ಮುಖ್ಯ. ಕೂಲರ್ ಎಷ್ಟೇ ಒಳ್ಳೆಯದಾದರೂ ಅದು ಶಾಖವನ್ನು ಕೋಣೆಯ ಗಾಳಿಗೆ ದಾಟಿಸಬಲ್ಲದೇ ಹೊರತು ಕೋಣೆಗಿಂತ ತಣ್ಣಗೆ ಮಾಡಲಾರದು. ಮೈಸೂರಿನ ಡಿಸೆಂಬರಿನಲ್ಲಿ 60 ಡಿಗ್ರಿಯಲ್ಲಿ ಓಡುವ ಪ್ರೊಸೆಸರು ರಾಯಚೂರಿನ ಮೇ ತಿಂಗಳಲ್ಲಿ ಅದೇ ಕೆಲಸಕ್ಕೆ 80 ಮುಟ್ಟುವುದು ಸಹಜ. 100ರ ಆಸುಪಾಸಿಗೆ ಬಂದರೆ ಇಂಟೆಲ್ ಪ್ರೊಸೆಸರುಗಳು ತಮ್ಮ ವೇಗವನ್ನು ತಾವೇ ಇಳಿಸಿಕೊಳ್ಳುತ್ತವೆ. ಮುಂಭಾಗದಲ್ಲಿ ಪೂರ್ತಿ ಗಾಜು ಇರುವ ಕ್ಯಾಬಿನೆಟ್ಟಿಗಿಂತ ಜಾಲರಿ ಇರುವುದು ಮೇಲು, ಆ ಜಾಲರಿಯ ಹಿಂದೆ ಬಿಚ್ಚಿ ತೊಳೆಯಬಹುದಾದ ಧೂಳಿನ ಪರದೆ ಇದ್ದರೆ ಇನ್ನೂ ಮೇಲು. ಹಲ್ಲಿ ನುಸುಳುವಷ್ಟು ಕಿಂಡಿಗಳನ್ನು ಹಿಂಬದಿಯಲ್ಲಿ ಮುಚ್ಚದೆ ಬಿಡಬಾರದು. ಬೋರ್ಡಿನ ಅಳತೆಯೂ ಹೊಂದಬೇಕು: ಎಟಿಎಕ್ಸ್ ಬೋರ್ಡು 305 ಮತ್ತು 244 ಮಿಲಿಮೀಟರ್, ಮೈಕ್ರೊ ಎಟಿಎಕ್ಸ್ ಗರಿಷ್ಠ 244 ಮಿಲಿಮೀಟರಿನ ಚೌಕ.

ಮಾನಿಟರಿನ ಬಗ್ಗೆ ಕನ್ನಡ ಓದುವವರಿಗಾಗಿ ಒಂದು ಮಾತು. 1920 ಮತ್ತು 1080 ಚುಕ್ಕೆಗಳ ಪರದೆ 24 ಇಂಚಿನದಾದರೆ ಒಂದು ಇಂಚಿಗೆ 92 ಚುಕ್ಕೆಗಳು, 27 ಇಂಚಿನದಾದರೆ 82ಕ್ಕಿಂತ ಕಡಿಮೆ. ಇಂಗ್ಲಿಷಿನ ಅಕ್ಷರಗಳಿಗೆ ಇದು ಸಾಕಾದೀತು. ‘ಸ್ತ್ರೀ’, ‘ರಾಷ್ಟ್ರ’ದಂಥ ಪದಗಳ ಒತ್ತಕ್ಷರಗಳು ಸಣ್ಣ ಗಾತ್ರದಲ್ಲಿ ಕಲಸಿಕೊಳ್ಳುತ್ತವೆ. ದೊಡ್ಡ ಪರದೆ ಬೇಕೆನ್ನುವವರು 27 ಇಂಚಿನಲ್ಲಿ 2560 ಮತ್ತು 1440 ಚುಕ್ಕೆಗಳಿರುವುದನ್ನೇ ನೋಡಲಿ.

ಕೊಳ್ಳುವ ಕೆಲಸಕ್ಕೆ ಭಾವ ಬೆಂಗಳೂರಿಗೆ ಬಂದರು, ಇಬ್ಬರೂ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋದೆವು. ಅಲ್ಲಿ ಒಂದೇ ವಸ್ತುವಿಗೆ ಹತ್ತು ಹೆಜ್ಜೆಯ ಅಂತರದಲ್ಲಿ ಬೇರೆ ಬೇರೆ ಬೆಲೆ ಕೇಳಿಬರುತ್ತದೆ, ಬಿಲ್ಲು ಬೇಡವೆಂದರೆ ಇನ್ನೊಂದು ಬೆಲೆಯೂ ಉಂಟು. ಬಿಲ್ಲಿಲ್ಲದೆ ಉಳಿಸಿದ ಹಣ ಉಳಿತಾಯವಲ್ಲ, ಏಕೆಂದರೆ ಅಸೆಂಬಲ್ಡ್ ಸಿಸ್ಟಮ್ಮಿಗೆ ಒಟ್ಟಾಗಿ ಒಂದು ವಾರಂಟಿ ಇರುವುದಿಲ್ಲ. ಪ್ರೊಸೆಸರು, ಬೋರ್ಡು, ಎಸ್‌ಎಸ್‌ಡಿ, ಎಸ್‌ಎಂಪಿಎಸ್ ಒಂದೊಂದಕ್ಕೂ ಅದರದೇ ತಯಾರಕರ ವಾರಂಟಿ ಇದ್ದು, ಅದನ್ನು ಕೇಳುವಾಗ ಸೀರಿಯಲ್ ನಂಬರ್ ಬರೆದ ಬಿಲ್ಲನ್ನು ತೋರಿಸಬೇಕಾಗುತ್ತದೆ. ಪೆಟ್ಟಿಗೆಯಿಲ್ಲದೆ ‘ಟ್ರೇ’ ಎಂದು ಮಾರುವ ಪ್ರೊಸೆಸರುಗಳಿಗೆ ಕೂಲರೂ ಜೊತೆಗಿರುವುದಿಲ್ಲ, ವಾರಂಟಿಯ ಹೊಣೆಯೂ ಹೆಚ್ಚಾಗಿ ಅಂಗಡಿಯವರ ಮಾತಿನ ಮೇಲೆ ನಿಂತಿರುತ್ತದೆ.

ಇನ್ನು ಚೀಟಿಯ ಕೊನೆಯ ಸಾಲು, ‘ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್’. ಗೋಡೆಯ 230 ವೋಲ್ಟನ್ನು ಕಂಪ್ಯೂಟರಿಗೆ ಬೇಕಾದ 12, 5 ಮತ್ತು 3.3 ವೋಲ್ಟುಗಳಾಗಿ ಇಳಿಸಿಕೊಡುವ ಈ ಪೆಟ್ಟಿಗೆ ಕೆಟ್ಟಾಗ ಉಳಿದ ಭಾಗಗಳನ್ನೂ ಜೊತೆಗೆ ಕೊಂಡೊಯ್ಯಬಲ್ಲದು. ಅಂಥದ್ದನ್ನು ಕ್ಯಾಬಿನೆಟ್ಟಿನ ಜೊತೆ ಕೊಸರಿನಂತೆ ಕೊಡುವ ಪದ್ಧತಿ ನನಗೆ ಎಂದೂ ಅರ್ಥವಾಗಿಲ್ಲ. ದಾವಣಗೆರೆಯ ಅಂಗಡಿಯಿಂದ ಅದರ ಲೇಬಲ್ಲಿನ ಫೋಟೊ ತರಿಸಿಕೊಂಡೆ. ದಪ್ಪ ಅಕ್ಷರದಲ್ಲಿ 450 ವ್ಯಾಟ್ ಎಂದಿತ್ತು. ಕೆಳಗಿನ ಸಣ್ಣ ಕೋಷ್ಟಕದಲ್ಲಿ 12 ವೋಲ್ಟಿನ ಮನೆಯಲ್ಲಿ 16 ಆಂಪಿಯರ್ ಎಂದಿತ್ತು. 12ನ್ನು 16ರಿಂದ ಗುಣಿಸಿದರೆ 192 ವ್ಯಾಟ್. ಇಂದಿನ ಕಂಪ್ಯೂಟರಿನಲ್ಲಿ ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡು, ಫ್ಯಾನು ಇವೆಲ್ಲ ಹೀರುವುದು 12 ವೋಲ್ಟಿನಿಂದಲೇ ಆದ್ದರಿಂದ, ಆ ಪೆಟ್ಟಿಗೆಯ ನಿಜವಾದ ಶಕ್ತಿ 192 ಎಂದೇ ಎಣಿಸಬೇಕು. ಐ5-12400 ಒಂದೇ ತನ್ನ ಗರಿಷ್ಠ ಹೊರೆಯಲ್ಲಿ 117 ವ್ಯಾಟ್ ಎಳೆಯಬಲ್ಲದು. ಮುಂದೆ ಮಗಳಿಗಾಗಿ 115 ವ್ಯಾಟಿನ ಆರ್‌ಟಿಎಕ್ಸ್ 4060ರಂಥ ಕಾರ್ಡ್ ಹಾಕಿದರೆ ಆ ಎರಡಕ್ಕೇ 232 ವ್ಯಾಟ್ ಬೇಕು.

80 ಪ್ಲಸ್ ಎಂಬ ಮುದ್ರೆಯಿರುವ ಎಸ್‌ಎಂಪಿಎಸ್ ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಶೇ 80ಕ್ಕಿಂತ ಹೆಚ್ಚನ್ನು ಒಳಗೆ ಮುಟ್ಟಿಸುತ್ತದೆ, ಉಳಿದದ್ದು ಶಾಖವಾಗುತ್ತದೆ. ಒಳಗೆ 100 ವ್ಯಾಟ್ ಬೇಕಿದ್ದಾಗ, ಶೇ 70ರ ದಕ್ಷತೆಯ ಪೆಟ್ಟಿಗೆ 143 ವ್ಯಾಟ್ ಎಳೆದರೆ ಶೇ 88ರದ್ದು 114 ಎಳೆಯುತ್ತದೆ. ದಿನಕ್ಕೆ 8 ಗಂಟೆಯ ಬಳಕೆಯಲ್ಲಿ ಆ 29 ವ್ಯಾಟ್ ವರ್ಷಕ್ಕೆ ಸುಮಾರು 85 ಯೂನಿಟ್ ಆಗುತ್ತದೆ. ಆದರೂ ಬಿಲ್ಲಿನ ಉಳಿತಾಯಕ್ಕಿಂತ, ಅಂಥ ಪೆಟ್ಟಿಗೆಗಳ ಒಳಗಿರುವ ಒಳ್ಳೆಯ ಕೆಪ್ಯಾಸಿಟರುಗಳು ಮತ್ತು ಅತಿ ವೋಲ್ಟೇಜಿನಿಂದ ಕಾಯುವ ಏರ್ಪಾಡುಗಳು ನನಗೆ ಹೆಚ್ಚು ಮುಖ್ಯವೆನಿಸುತ್ತವೆ. ಮುದ್ರೆಯಿರುವ 550 ವ್ಯಾಟಿನದೊಂದನ್ನು ಕೊಂಡೆವು.

ಕರೆಂಟು ಹೋದ ಗಳಿಗೆಯಲ್ಲಿ ಏನಾಗುತ್ತದೆ ಎಂಬುದನ್ನೂ ಯೋಚಿಸಬೇಕು. ಸರಿಯಾದ ಎಸ್‌ಎಂಪಿಎಸ್ ತನ್ನೊಳಗೆ ತುಂಬಿಟ್ಟ ವಿದ್ಯುತ್ತಿನಿಂದ ಪೂರ್ಣ ಹೊರೆಯನ್ನು ಸುಮಾರು 16-17 ಮಿಲಿಸೆಕೆಂಡುಗಳ ಕಾಲ ಹೊರುತ್ತದೆ. ಮನೆಯ ಇನ್ವರ್ಟರ್ ಅಷ್ಟರೊಳಗೆ ಬ್ಯಾಟರಿಗೆ ಬದಲಾದರೆ ಕಂಪ್ಯೂಟರಿಗೆ ಏನೂ ತಿಳಿಯುವುದಿಲ್ಲ. ಹಲವು ಇನ್ವರ್ಟರುಗಳ ಹಿಂಬದಿಯಲ್ಲಿರುವ ‘ಯುಪಿಎಸ್’ ಎಂಬ ಗುಂಡಿ ಬದಲಾವಣೆಯ ಅವಧಿಯನ್ನು ಈ ಮಿತಿಯೊಳಗೆ ತರುವುದಕ್ಕೇ ಇದೆ. ಅದು ಇನ್ನೊಂದು ಬದಿಗಿದ್ದರೆ ಫ್ಯಾನು ತಿರುಗುತ್ತಲೇ ಇರುತ್ತದೆ, ಕಂಪ್ಯೂಟರ್ ಮಾತ್ರ ಆರಿ ಹೊತ್ತಿಕೊಳ್ಳುತ್ತದೆ. ಪ್ರತ್ಯೇಕ ಯುಪಿಎಸ್ ಕೊಳ್ಳುವವರು ವಿಎ ಮತ್ತು ವ್ಯಾಟ್ ಒಂದೇ ಎಂದು ತಿಳಿಯಬಾರದು; 600 ವಿಎ ಎಂದಿರುವ ಸಾಮಾನ್ಯ ಯುಪಿಎಸ್ ಹೊರುವುದು 360 ವ್ಯಾಟ್‌ನಷ್ಟನ್ನು.

ಜೋಡಣೆಗೆ ನಾನೇ ದಾವಣಗೆರೆಗೆ ಹೋದೆ. ಊಟದ ಮೇಜಿನ ಮೇಲೆ ಬೋರ್ಡಿನ ಪೆಟ್ಟಿಗೆಯನ್ನೇ ಹಾಸಿ, ಸಾಕೆಟ್ಟಿನ ಲಿವರ್ ಎತ್ತಿ, ಪ್ರೊಸೆಸರಿನ ಮೂಲೆಯಲ್ಲಿರುವ ಬಂಗಾರದ ಬಣ್ಣದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಮಗಳೇ ಅದನ್ನು ಕೂರಿಸಿದಳು. ಒತ್ತಬಾರದು, ತನ್ನ ಭಾರದಿಂದಲೇ ಕೂರಬೇಕು ಎಂದಷ್ಟೇ ನಾನು ಹೇಳಿದ್ದು. ರ‍್ಯಾಮಿಗೆ ಮಾತ್ರ ಬಲ ಬೇಕು, ಕ್ಲಿಪ್ಪು ‘ಟಕ್’ ಎನ್ನುವವರೆಗೆ ಒತ್ತಬೇಕು. ಕೊನೆಗೆ ಸ್ವಿಚ್ ಹಾಕುವ ಮೊದಲು ಪ್ಲಗ್ ಪಾಯಿಂಟನ್ನು ಪರೀಕ್ಷಿಸಲು ಎಲೆಕ್ಟ್ರಿಷಿಯನ್ನರನ್ನು ಕರೆಸಿದೆವು. ಮೀಟರು ಫೇಸ್ ಮತ್ತು ನ್ಯೂಟ್ರಲ್ ನಡುವೆ 231 ವೋಲ್ಟ್ ತೋರಿಸಿತು. ಫೇಸ್ ಮತ್ತು ಅರ್ತ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಇರಬೇಕಾಗಿತ್ತು. ಅಂಕೆ 60ರ ಆಸುಪಾಸಿನಲ್ಲಿ ಅಲೆಯುತ್ತಿತ್ತು. ಅರ್ತ್ ಎಲ್ಲೋ ಕಡಿದಿತ್ತು.

ಎಸ್‌ಎಂಪಿಎಸ್ಸಿನ ಒಳಗೆ ವಿದ್ಯುತ್ತಿನ ಗದ್ದಲವನ್ನು ಸೋಸಲೆಂದು ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಸಣ್ಣ ಕೆಪ್ಯಾಸಿಟರನ್ನು ಲೋಹದ ಕವಚಕ್ಕೆ ಜೋಡಿಸಿರುತ್ತಾರೆ. ಅರ್ತ್ ಸರಿಯಿದ್ದರೆ ಅಲ್ಲಿ ಸೋರುವ ಅಲ್ಪ ವಿದ್ಯುತ್ತು ನೆಲಕ್ಕೆ ಇಳಿದುಹೋಗುತ್ತದೆ. ಇಲ್ಲದಿದ್ದರೆ ಕವಚ 230ರ ಅರ್ಧದಷ್ಟು ವೋಲ್ಟೇಜಿನಲ್ಲಿ ತೇಲುತ್ತ ನಿಲ್ಲುತ್ತದೆ. ಬರಿಗಾಲಿನಲ್ಲಿ ಕ್ಯಾಬಿನೆಟ್ಟನ್ನು ಮುಟ್ಟಿದಾಗ ‘ಜುಂ’ ಎನ್ನುವುದು ಇದೇ. ಯುಎಸ್‌ಬಿ ಕಿಂಡಿಗಳೂ ನೆಟ್‌ವರ್ಕ್ ಕೇಬಲ್ಲೂ ಕೆಡುವುದಕ್ಕೆ ಇದು ಕಾರಣವಾಗಬಹುದು. ಯಾವ ಬಿಡಿಭಾಗವನ್ನು ಬದಲಿಸಿದರೂ ಇದು ಹೋಗುವುದಿಲ್ಲ. ಎಲೆಕ್ಟ್ರಿಷಿಯನ್ ಮೀಟರ್ ಬೋರ್ಡಿನ ಹಿಂದೆ ಟಾರ್ಚ್ ಬಿಟ್ಟು ನೋಡಿದರೆ, ಹಸಿರು ತಂತಿ ಯಾವುದೋ ಕಾಲದಲ್ಲಿ ಬಣ್ಣ ಬಳಿಯುವಾಗ ಕಳಚಿ ಸುಣ್ಣ ಮೆತ್ತಿಕೊಂಡು ಕುಳಿತಿತ್ತು. ಸರಿಪಡಿಸಲು ಅವರು ಮರುದಿನ ಬರುವುದಾಗಿ ಹೇಳಿದ್ದರಿಂದ, ಜೋಡಿಸಿ ಮುಗಿಸಿದ ಕಂಪ್ಯೂಟರ್ ಒಂದು ರಾತ್ರಿ ಮೇಜಿನ ಮೇಲೆ ಹಾಗೆಯೇ ಇತ್ತು. ಮರುದಿನ ಫೇಸ್ ಮತ್ತು ಅರ್ತ್ ನಡುವೆ ಮೀಟರು 229 ತೋರಿಸಿದ ಮೇಲೆ ಗುಂಡಿ ಒತ್ತಿದೆವು. ಬಯೋಸ್ ತೆರೆದಾಗ ರ‍್ಯಾಮ್ 3200ರ ಬದಲು 2666ರಲ್ಲಿ ಓಡುತ್ತಿತ್ತು. ರ‍್ಯಾಮನ್ನು ಅದರ ಘೋಷಿತ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಆನ್ ಮಾಡಿದಾಗ ಸರಿಯಾಯಿತು. ಭಾವ ಪರದೆಯನ್ನು ನೋಡುತ್ತಿದ್ದಾಗ ಹಿತ್ತಿಲ ಕಡೆಯಿಂದ ಅಕ್ಕ ಬಂದು, ವಾಷಿಂಗ್ ಮಷೀನ್ ಮುಟ್ಟಿದರೆ ಎರಡು ವರ್ಷದಿಂದ ಕೈ ಜುಂ ಅನ್ನುತ್ತಿದ್ದದ್ದು ಇವತ್ತು ಅನ್ನಲಿಲ್ಲ ಎಂದು ಹೇಳಿದಳು.